ಕಲ್ಯಾಣಿ ಶೆಡ್ತಿಯವರ ಹೆಸರಿನ ಸರ್ವರ್

ಕಂಪ್ಯೂಟರ್ ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಯಾರೂ ಹೇಳದ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಕಂಪ್ಯೂಟರಿನ ಜೊತೆ ಕಳೆಯುವ ಹೊತ್ತು ಕಡಿಮೆ. ಉಳಿದ ಹೊತ್ತೆಲ್ಲ ಪ್ರಾಂಶುಪಾಲರು, ಆಡಳಿತ ಮಂಡಳಿಯ ಸಂಚಾಲಕರು, ಎಲೆಕ್ಟ್ರಿಷಿಯನ್, ಅಟೆಂಡರ್, ಮತ್ತು ಬೆಳಿಗ್ಗೆ ಬೆಳಿಗ್ಗೆ ಬಂದು "ಮೇಡಂ, ಪಾಸ್‌ವರ್ಡ್ ಮರೆತುಹೋಯ್ತು" ಎಂದು ಹಲ್ಲು ಕಿರಿಯುವ ಮಕ್ಕಳ ಜೊತೆ. ಯಂತ್ರ ಕೆಟ್ಟರೆ ಸರಿ ಮಾಡುವುದನ್ನು ನೀವು ಹೇಗೂ ಕಲಿಯುತ್ತೀರಿ. ಮನುಷ್ಯರ ಹತ್ತಿರ ಕೇಳುವುದನ್ನು ಕಲಿಯಲು ನನಗೆ ನಿವೃತ್ತಿಯವರೆಗೂ ಸಮಯ ಹಿಡಿಯಿತು.

ನಾನು ಸುಮತಿ, ಪುತ್ತಿಗೆಯವಳು. ಮೂಡುಬಿದಿರೆ ಕಡೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದೆ, ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿಯೇ ಹೊರಗೆ ಬಂದೆ. ಬಡ್ತಿಯ ವಿಷಯ ಎತ್ತಬೇಡಿ, ನನಗೆ ಸಿಟ್ಟು ಬರುತ್ತದೆ. ನನ್ನ ಸಿಟ್ಟಿನ ವಿಷಯ ಇಡೀ ಕಾಲೇಜಿಗೆ ಗೊತ್ತಿತ್ತು. ನಾನು ಕಾರಿಡಾರಿನ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿ ಖಾಲಿಯಾಗುತ್ತಿತ್ತು. ಅದೇ ಮಕ್ಕಳು ಈಗ ಮದುವೆಗೆ ಕರೆಯಲು ಮನೆ ಹುಡುಕಿಕೊಂಡು ಬರುತ್ತಾರೆ, ಅದು ಬೇರೆ ಮಾತು.

ನಾನು ಸೇರಿದ ಕಾಲದಲ್ಲಿ ಲ್ಯಾಬ್ ಎಂದರೆ ಗರ್ಭಗುಡಿ. ಚಪ್ಪಲಿ ಹೊರಗೆ, ಮಾತು ಪಿಸುಪಿಸು, ಕಿಟಕಿಗೆ ದಪ್ಪ ಪರದೆ. ಒಮ್ಮೆ ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬಂದ ದೊಡ್ಡವರೊಬ್ಬರಿಗೂ ನಾನು ಶೂ ತೆಗೆಯಲು ಹೇಳಿದೆ. ಅವರ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಪಾಪ, ಇಡೀ ತಪಾಸಣೆಯನ್ನು ಅವರು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟೇ ಮುಗಿಸಿದರು. ಆ ವರ್ಷ ನಮ್ಮ ಲ್ಯಾಬಿನ ಬಗ್ಗೆ ಒಂದೂ ಆಕ್ಷೇಪ ಬರಲಿಲ್ಲ. ಬೇಗ ಮುಗಿಸಿ ಹೋದರೆ ಸಾಕು ಎಂದು ಅವರಿಗೆ ಅನಿಸಿರಬೇಕು.

ನಮ್ಮ ಕಡೆ ಗುಡುಗು ಶುರುವಾದರೆ ಮನೆಯ ಪ್ಲಗ್ ಎಲ್ಲ ಕಿತ್ತು ಕೂರುವುದು ಹುಟ್ಟಿನಿಂದ ಬಂದ ಅಭ್ಯಾಸ. ಟಿವಿ, ಫ್ರಿಜ್, ಪಂಪು, ಎಲ್ಲದರ ವಯರು ನೆಲದ ಮೇಲೆ. ನಮ್ಮ ಅಟೆಂಡರ್ ಮೋನಪ್ಪಣ್ಣನಿಗೆ ಈ ಅಭ್ಯಾಸ ರಕ್ತದಲ್ಲೇ ಇತ್ತು. ಬೆಳ್ತಂಗಡಿ ಕಡೆಯ ಗುಡ್ಡದ ಮೇಲೆ ಒಂದು ಸಲ ಗುಡುಗಿದರೆ ಸಾಕು, ಅವನು ಗಂಟೆ ಬಾರಿಸುವುದನ್ನೂ ಬಿಟ್ಟು ಲ್ಯಾಬಿಗೆ ಓಡಿ ಬರುತ್ತಿದ್ದ. ಮಕ್ಕಳು ಟೈಪ್ ಮಾಡುತ್ತಿರುವಾಗಲೇ ಪಟಪಟನೆ ಪ್ಲಗ್ ಕೀಳುತ್ತಿದ್ದ.

"ಎಂಥದು ಮೋನಪ್ಪಣ್ಣ ಇದು? ಮಕ್ಕಳು ಬರೆದದ್ದೆಲ್ಲ ಹೋಯಿತಲ್ಲ!"

"ಬರೆದದ್ದು ಹೋದ್ರೆ ಇನ್ನೊಮ್ಮೆ ಬರೀತಾರೆ ಮೇಡಂ. ಕಂಪ್ಯೂಟರ್ ಹೋದ್ರೆ ನೀವು ಕೊಡ್ತೀರಾ?"

ಒಂದು ದಿನ ನಾನು ಹಟ ಮಾಡಿ ಅವನನ್ನು ಬಾಗಿಲಲ್ಲೇ ತಡೆದೆ. ಅವತ್ತೇ ಸಿಡಿಲು ಬಡಿದು ನೆಟ್‌ವರ್ಕಿನ ಪೆಟ್ಟಿಗೆ ಕರಟಿ ಹೋಯಿತು. ಆಮೇಲೆ ತಿಂಗಳುಗಟ್ಟಲೆ ಅವನು ನನ್ನ ಮುಖ ನೋಡಿದಾಗಲೆಲ್ಲ ಮೀಸೆಯಡಿ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಮತ್ತೆಂದೂ ಅವನನ್ನು ಬಾಗಿಲಲ್ಲಿ ತಡೆಯಲಿಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಕೊನೆಯ ಕೆಲವು ವರ್ಷಗಳಲ್ಲಿ ಮಕ್ಕಳೆಲ್ಲ ಸೇರಿ ಒಂದು ಕಂಪ್ಯೂಟರ್ ಕ್ಲಬ್ ಮಾಡಿಕೊಂಡಿದ್ದರು. ಕಾಲೇಜು ಮೂಲೆಗೆಸೆದ ಒಂದು ಹಳೆಯ ಕಂಪ್ಯೂಟರನ್ನು ಒರೆಸಿ, ಜೋಡಿಸಿ, ಅದನ್ನೇ ಸರ್ವರ್ ಮಾಡಿದ್ದರು. ಅದರಲ್ಲಿ ಒಂದು ಜಾಲತಾಣ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಮಕ್ಕಳು ಫೋನಿನಲ್ಲೇ ಪ್ರೋಗ್ರಾಮ್ ಬರೆದು ಕಳಿಸಿದರೆ ಸರ್ವರ್ ಅದನ್ನು ಓಡಿಸಿ, ಸರಿಯೋ ತಪ್ಪೋ ಎಂದು ಉತ್ತರ ಕೊಡುತ್ತಿತ್ತು. ಲ್ಯಾಬ್ ಮುಚ್ಚುವುದು ಸಂಜೆ ಬಸ್ಸಿನ ಹೊತ್ತಿಗೆ. ವೇಣೂರಿನ ಆಚೆಗೆ ಹೋಗುವ ಮಕ್ಕಳು ಬಸ್ ತಪ್ಪಿಸಿಕೊಂಡರೆ ಕೆಟ್ಟರು. ಹಾಗಾಗಿ ಅವರಿಗೆ ಅಭ್ಯಾಸ ಮಾಡಲು ಇದ್ದದ್ದು ಇದೊಂದೇ ದಾರಿ.

ಕ್ಲಬ್ಬಿನ ಕಾರ್ಯದರ್ಶಿ ಸವಿತಾ, ಕೊನೆಯ ವರ್ಷದವಳು. ಅವಳೂ ಲ್ಯಾಪ್‌ಟಾಪ್ ಇಲ್ಲದವಳೇ. ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದರೆ ಇವಳು ಪಕ್ಕದಲ್ಲಿ ಕೂತು ಫೋನಿನಲ್ಲಿ ಪ್ರೋಗ್ರಾಮ್ ಬರೆಯುವವಳು. ಅಷ್ಟು ಸಣ್ಣ ಪರದೆಯಲ್ಲಿ ಹೇಗೆ ಬರೆಯುತ್ತೀ ಎಂದು ಕೇಳಿದರೆ, "ಅಭ್ಯಾಸ ಆಗಿದೆ ಮೇಡಂ, ಈಗ ಲ್ಯಾಬಿನ ಕೀಬೋರ್ಡೇ ದೊಡ್ಡದು ಅನಿಸ್ತದೆ" ಎನ್ನುತ್ತಿದ್ದಳು.

ತೊಂದರೆ ಏನೆಂದರೆ ಸಂಜೆ ಎಲ್ಲರೂ ಮನೆ ಮುಟ್ಟಿ ಒಟ್ಟಿಗೆ ಒಳಗೆ ಬಂದರೆ ಆ ಮುದಿ ಯಂತ್ರಕ್ಕೆ ತಡೆಯುತ್ತಿರಲಿಲ್ಲ. ಅರ್ಧ ಬರೆದವರನ್ನೂ ಪೂರ್ತಿ ಬರೆದವರನ್ನೂ ಒಟ್ಟಿಗೆ ಹೊರಗೆ ದಬ್ಬಿ ತಾನು ನಿಂತುಬಿಡುತ್ತಿತ್ತು. ಮೆಮೊರಿ ಹೆಚ್ಚಿಸಬೇಕು, ಹೊಸ ಡಿಸ್ಕ್ ಬೇಕು, ಗಾಳಿಯಾಡುವ ಒಂದು ಕಪಾಟು ಬೇಕು. ಒಂದು ಒಳ್ಳೆಯ ಯುಪಿಎಸ್ ಕೂಡ ಬೇಕು. ಅದಿದ್ದರೆ ಮೋನಪ್ಪಣ್ಣ ಪ್ಲಗ್ ಕಿತ್ತರೂ ಯಂತ್ರ ಸಾವಕಾಶವಾಗಿ ತನ್ನ ಕೆಲಸ ಮುಗಿಸಿ ಮಲಗಬಹುದು. ಪ್ರಾಕ್ಟಿಕಲ್ ಪರೀಕ್ಷೆಯ ಮೊದಲು ಇಷ್ಟು ಆಗದಿದ್ದರೆ ಮನೆಯಲ್ಲಿ ಕಂಪ್ಯೂಟರ್ ಇರುವವರು ಪಾಸು, ಇಲ್ಲದವರು ದೇವರ ಪಾಲು.

ಮಕ್ಕಳು ಸಂಚಾಲಕರಿಗೆ ಇಂಗ್ಲಿಷಿನಲ್ಲಿ ಉದ್ದದ ಮನವಿ ಬರೆದರು. ನನಗೇ ಓದಿ ಆಕಳಿಕೆ ಬಂತು. ಸಂಚಾಲಕರು ಒಳ್ಳೆಯವರು, ಆದರೆ ಅವರ ವ್ಯಾಪಾರ ಹೆಂಚು ಸಿಮೆಂಟಿನದ್ದು. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿದರು.

"ಸುಮತಿ ಮೇಡಂ, ಲ್ಯಾಬ್ ತುಂಬ ಕಂಪ್ಯೂಟರ್ ಉಂಟಲ್ಲ. ಇನ್ನೊಂದು ಎಂತಕ್ಕೆ?"

ನಾನು ವಿವರಿಸಿದೆ. ವಿವರಿಸಿದಷ್ಟೂ ಅವರ ಮುಖ ಗೋಡೆಯಂತಾಯಿತು. ಕೊನೆಗೆ ಅವರು ಕೈ ಎತ್ತಿದರು. "ನೋಡಿ, ಮಂಡಳಿಯಿಂದ ಈ ವರ್ಷ ಆಗ್ಲಿಕ್ಕಿಲ್ಲ. ದಾನಿಗಳನ್ನು ಹಿಡಿಯಿರಿ. ಉದ್ಘಾಟನೆ ನಾವು ಜೋರು ಮಾಡುವ."

ಮೊದಲು ಹೋದದ್ದು ನಮ್ಮದೇ ಸಂಬಂಧದ ಒಬ್ಬ ಮಾವನ ಮನೆಗೆ. ಬಸ್ ತಡವಾಗಿ ನಾನು, ಸವಿತಾ ಅಲ್ಲಿಗೆ ಮುಟ್ಟುವಾಗ ಸೂರ್ಯ ಇಳಿಯುವ ಹೊತ್ತು. ನಾವು ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ. ಮಾವ ಮಾತಿಗೇ ಬಿಡದೆ ನಮ್ಮನ್ನು ಎಲೆಯ ಮುಂದೆ ಕೂರಿಸಿದರು. "ಮೊದಲು ಊಟ, ಆಮೇಲೆ ಕಂಪ್ಯೂಟರ್. ಬೇಗ, ಬೇಗ!" ಸವಿತಾ ಜೀವನದಲ್ಲಿ ಅಷ್ಟು ವೇಗವಾಗಿ ಉಂಡಿರಲಿಕ್ಕಿಲ್ಲ. ಊಟ ಮುಗಿದ ಮೇಲೆ ಮಾವ ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಇದು ಎಷ್ಟು ವರ್ಷ ಬರ್ತದೆ ಮಗಾ?"

"ಚೆನ್ನಾಗಿ ನೋಡಿಕೊಂಡ್ರೆ ಐದಾರು ವರ್ಷ ಅಜ್ಜ" ಎಂದಳು ಸವಿತಾ ಹೆಮ್ಮೆಯಿಂದ.

ಮಾವನಿಗೆ ನಿಜವಾಗಿ ಬೇಸರವಾಯಿತು. "ಐದಾರು ವರ್ಷವಾ? ನಮ್ಮ ಊರಿನ ಬಸದಿಯ ಕಂಬ ನೋಡಿದ್ದೀಯಲ್ಲ? ಕೊಟ್ಟರೆ ಹಾಗೆ ಕೊಡಬೇಕು. ಕಲ್ಲಿನ ಬೆಂಚು ಬೇಕಾದ್ರೆ ಮಾಡಿಸಿ ಕೊಡ್ತೇನೆ."

ಮಾಡಿಸಿಯೂ ಕೊಟ್ಟರು. ಲ್ಯಾಬಿನ ಹೊರಗೆ ಈಗಲೂ ಉಂಟು, ಒಳ್ಳೆಯ ತಂಪು. ಬಸ್ಸಿಗೆ ಕಾಯುವ ಮಕ್ಕಳು ಅದರ ಮೇಲೆ ಕೂತು, ತೆರೆಯದ ಸರ್ವರಿಗೆ ಬೈಯುತ್ತಿದ್ದರು.

ಆಮೇಲೆ ಪ್ರಾಂಶುಪಾಲರು ಸಂಜೀವ ಶೆಟ್ಟರ ಹೆಸರು ಹೇಳಿದರು. ನಮ್ಮ ಕಾಲೇಜಿನಲ್ಲೇ ಓದಿದವರು, ದುಬೈಯಲ್ಲಿ ವರ್ಷಗಟ್ಟಲೆ ದುಡಿದು ಬಂದು ಕಲ್ಲಡ್ಕದ ಹತ್ತಿರ ಹೆದ್ದಾರಿಯ ಬದಿಗೆ ಹೋಟೆಲ್ ಹಾಕಿದವರು. ಒಂದು ಆದಿತ್ಯವಾರ ಸವಿತಾಳನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿದ್ದೆ. "ಹೋದ ಕೂಡಲೇ ಕೇಳಬಾರದು. ಮೊದಲು ಚಾ ಕುಡಿಯಬೇಕು, ಮನೆಯವರ ಆರೋಗ್ಯ ವಿಚಾರಿಸಬೇಕು. ಅವರೇ 'ಮತ್ತೆ ಎಂತ ವಿಶೇಷ?' ಅಂತ ಕೇಳ್ತಾರೆ. ಆಗ ಬಾಯಿ ಬಿಡಬೇಕು." ಹೂಂ ಹೂಂ ಎಂದಿದ್ದಳು. ಶೆಟ್ಟರು ಕುರ್ಚಿ ಎಳೆದು ಕೂತದ್ದೇ ತಡ, "ಸರ್, ನಮಗೆ ಸರ್ವರಿಗೆ ಹಣ ಬೇಕಿತ್ತು" ಎಂದುಬಿಟ್ಟಳು!

ಮೇಜಿನಡಿ ನಾನು ಅವಳನ್ನು ಚಿವುಟಿದೆ. ಶೆಟ್ಟರು ಹೊಟ್ಟೆ ಹಿಡಿದು ನಕ್ಕರು. "ಇರಲಿ ಮಾರಾಯ್ತಿ, ಕೊಡುವ. ಮೊದಲು ಗೋಳಿಬಜೆ ತಿನ್ನು, ಬಿಸಿ ಆರ್ತದೆ."

ತಿಂದ ಮೇಲೆ ಸವಿತಾ ಮೆಮೊರಿ, ಡಿಸ್ಕ್ ಎಂದು ಏನೂ ವಿವರಿಸಲಿಲ್ಲ. ಶೆಟ್ಟರ ಫೋನನ್ನೇ ಕೇಳಿ ತೆಗೆದುಕೊಂಡು ನಮ್ಮ ತಾಣ ತೆರೆದಳು. ಪರೀಕ್ಷೆ ಹತ್ತಿರವಿದ್ದುದರಿಂದ ರಜೆಯ ದಿನವೂ ಮಕ್ಕಳು ತುಂಬಿದ್ದರು. ಪರದೆಯ ಮೇಲಿನ ಚಕ್ರ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಶೆಟ್ಟರು ಒಬ್ಬ ಗಿರಾಕಿಗೆ ಬಿಲ್ ಕೊಟ್ಟು ಬಂದರು, ಆಗಲೂ ಸುತ್ತುತ್ತಿತ್ತು.

"ಇದು ದಿನಾ ಹೀಗೆಯಾ?"

"ದಿನಾ ಸಂಜೆ ಹೀಗೇ ಸರ್. ನಾವು ಇದರ ಎದುರು ಕೂತೇ ಇರ್ತೇವೆ."

ಅಷ್ಟೇ ಸಾಕಾಯಿತು. ನಾನು ಸಂಚಾಲಕರಿಗೆ ಗಂಟೆಗಟ್ಟಲೆ ಗಂಟಲು ಹರಿದುಕೊಂಡದ್ದು ನೆನಪಾಗಿ ನನಗೇ ನಗು ಬಂತು. ಕೇಳಲು ಹೋದಾಗ ವಿವರಿಸಬೇಡಿ, ತೋರಿಸಿ. ಇಪ್ಪತ್ತರ ಹುಡುಗಿಯಿಂದ ನಾನು ಕಲಿತದ್ದು ಇದು.

ಆದರೆ ಶೆಟ್ಟರಿಗೆ ಒಂದು ಸಂಶಯ ಉಳಿದಿತ್ತು. "ಹೆಸರು ಎಲ್ಲಿ ಬರ್ತದೆ ಮೇಡಂ? ತಪ್ಪು ತಿಳಿಯಬೇಡಿ. ನನ್ನ ಹೆಸರಲ್ಲ, ಅಮ್ಮನದ್ದು. ಒಂದು ಶಾಲೆಗೆ ಅಮ್ಮನ ಹೆಸರಲ್ಲಿ ಫ್ಯಾನ್ ಕೊಟ್ಟೆ, ಮೂರು ರೆಕ್ಕೆಯಲ್ಲೂ ಬರೆಸಿದ್ರು. ಫ್ಯಾನ್ ತಿರುಗುವಾಗ ಕಾಣುವುದಿಲ್ಲ. ಕರೆಂಟ್ ಹೋದ್ರೆ ಮಾತ್ರ ಅಮ್ಮನ ದರ್ಶನ!"

ನಮ್ಮ ಜಿಲ್ಲೆಯಲ್ಲಿ ದಾನಿಯ ಹೆಸರಿಲ್ಲದ ಟ್ಯೂಬ್‌ಲೈಟ್ ಕೂಡ ಸಿಗುವುದಿಲ್ಲ, ನಿಮಗೂ ಗೊತ್ತುಂಟು. ಶೆಟ್ಟರ ತಾಯಿ ಕಲ್ಯಾಣಿ ಶೆಡ್ತಿ ಫರಂಗಿಪೇಟೆಯ ಹತ್ತಿರ ಚಿಕ್ಕ ಊಟದ ಹೋಟೆಲ್ ನಡೆಸಿ ಮಗನನ್ನು ಓದಿಸಿದವರಂತೆ. ಅವರು ತೀರಿಕೊಂಡು ಹೆಚ್ಚು ಸಮಯ ಆಗಿರಲಿಲ್ಲ. ಅದನ್ನು ಹೇಳುವಾಗ ಶೆಟ್ಟರ ಸ್ವರ ಸ್ವಲ್ಪ ತಗ್ಗಿತು. ಸವಿತಾ ಹೇಳಿದಳು, "ತಾಣ ತೆರೆದ ಕೂಡಲೇ ಮೊದಲ ಪುಟದಲ್ಲೇ ಅವರ ಹೆಸರು ಹಾಕ್ತೇವೆ ಸರ್." ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಖುಷಿಯ ಭರದಲ್ಲಿ ಬಾಯಿ ಹಾಕಿದೆ. "ಯಂತ್ರದ ಮೇಲೆಯೂ ಒಂದು ಫಲಕ ಹಾಕಿಸುವ ಶೆಟ್ಟರೇ, ನೀವೇ ಮಾಡಿಸಿ ಕಳಿಸಿ!"

ಮೆಮೊರಿ, ಡಿಸ್ಕ್, ಕಪಾಟು, ಯುಪಿಎಸ್ ಎಲ್ಲ ಬಂತು. ಮಕ್ಕಳು ಜೋಡಿಸಿದರು, ಯಂತ್ರ ಕುದುರೆಯ ಹಾಗೆ ಓಡಿತು. ಉದ್ಘಾಟನೆಯ ದಿನ ಬೆಳಿಗ್ಗೆ ಶೆಟ್ಟರ ಕಾರಿನಿಂದ ಫಲಕವೂ ಇಳಿಯಿತು. ಅಂಗೈಯಗಲದ್ದು ಇರಬಹುದೆಂದು ನಾನು ಎಣಿಸಿದ್ದೆ. ಇಳಿದದ್ದು ಹೊಳೆಯುವ ಸ್ಟೀಲಿನ ದೊಡ್ಡ ತಗಡು, ಸುತ್ತ ಮಲ್ಲಿಗೆ ಬಳ್ಳಿಯ ಚಿತ್ತಾರ, ನಡುವೆ ತಾಯಿಯ ಹೆಸರು. ಪ್ರಾಂಶುಪಾಲರು ಅದನ್ನು ಕಪಾಟಿನ ಮುಂಬಾಗಿಲಿಗೇ ಸ್ಕ್ರೂ ಹಾಕಿಸಿ ಕೂರಿಸಿದರು. ಸರಿಯಾಗಿ ಅಳತೆ ತೆಗೆದು ಮಾಡಿಸಿದ ಹಾಗೆ ಬಾಗಿಲು ತುಂಬ ಕೂತಿತು.

ಆ ಬಾಗಿಲಿನ ತುಂಬ ಸಣ್ಣ ತೂತುಗಳಿದ್ದವು. ಯಂತ್ರ ಗಾಳಿ ಎಳೆದುಕೊಳ್ಳುವುದು ಅಲ್ಲಿಂದಲೇ. ಫಲಕ ಅದನ್ನೆಲ್ಲ ಮುಚ್ಚಿದ್ದನ್ನು ನಾನು ನೋಡಿದೆ. ಆದರೆ ಅಷ್ಟರಲ್ಲಿ ದೀಪ ಹಚ್ಚಿ ಆಗಿತ್ತು, ಚಪ್ಪಾಳೆ ಬೀಳುತ್ತಿತ್ತು, ಶೆಟ್ಟರು ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ಯಾರು ಬಾಯಿ ಬಿಡುತ್ತಾರೆ ಹೇಳಿ?

ಬೆಳಿಗ್ಗೆ ಯಂತ್ರಕ್ಕೆ ಏನೂ ಆಗುತ್ತಿರಲಿಲ್ಲ. ಸಂಜೆ ಮಕ್ಕಳೆಲ್ಲ ಒಳಗೆ ಬಂದು ಕೆಲಸ ಜೋರಾಗುತ್ತಿದ್ದಂತೆ ಕಾವು ಏರಿ, ಸುಟ್ಟುಹೋಗಬಾರದೆಂದು ತಾನಾಗಿಯೇ ಆರಿಹೋಗುತ್ತಿತ್ತು. ಮೊದಲು ಅದು ಹೇಗೋ ಕುಂಟುತ್ತ ನಡೆದ ಸಂಜೆಗಳಾದರೂ ಇದ್ದವು, ಹೊಸ ಭಾಗಗಳನ್ನು ಹಾಕಿದ ಮೇಲೆ ದಿನಾ ನಿಂತಿತು. ಸವಿತಾಳಿಗೆ ಬರುವ ಮೆಸೇಜುಗಳೆಲ್ಲ ಒಂದೇ: "ಅಕ್ಕಾ, ಪುನಃ ಹೊರಗೆ ಹಾಕ್ತು." ಪ್ರಾಕ್ಟಿಕಲ್ ಪರೀಕ್ಷೆ ಮುಂದಿನ ವಾರ.

ನಾನು ಪ್ರಾಂಶುಪಾಲರ ಹತ್ತಿರ ಓಡಿದೆ. "ಫಲಕ ತೆಗೆಯಬೇಕು ಸರ್."

ಅವರು ಹೌಹಾರಿದರು. "ದಾನಿಯ ತೀರಿಹೋದ ತಾಯಿಯ ಹೆಸರನ್ನು ಕಿತ್ತು ತೆಗೆಯುವುದಾ? ನನ್ನಿಂದಾಗದು ಮೇಡಂ. ಶೆಟ್ಟರು ಮುಂದೆ ಈ ಕಡೆ ತಲೆ ಹಾಕಿ ಮಲಗಲಿಕ್ಕಿಲ್ಲ."

ಸರಿ, ಬಾಗಿಲು ತೆರೆದಿಟ್ಟು ಎದುರಿಗೆ ಟೇಬಲ್ ಫ್ಯಾನ್ ಇಟ್ಟೆವು. ಒಂದು ಸಂಜೆ ಚೆನ್ನಾಗಿ ನಡೆಯಿತು. ಮರುದಿನ ಸಂಚಾಲಕರು ಅತಿಥಿಗಳನ್ನು ಕರೆದುಕೊಂಡು ಬಂದವರು, "ಛೆ, ಹೆಸರು ಗೋಡೆಗೆ ಮುಖ ಮಾಡಿ ಉಂಟಲ್ಲ" ಎಂದು ಬಾಗಿಲು ಹಾಕಿ, ಬೀಗವನ್ನೂ ಒತ್ತಿ, ಕೀಲಿಯನ್ನು ಕಚೇರಿಗೆ ಕೊಟ್ಟು, ಇನ್ನು ತೆರೆದಿಡಬಾರದೆಂದು ಹೇಳಿ ಹೋದರು. ಅವತ್ತು ಸಂಜೆ ಪುನಃ ಎಲ್ಲರೂ ಹೊರಗೆ. ನಾನು ಸಿಟ್ಟಿನಲ್ಲಿ ಟೇಬಲ್ ಫ್ಯಾನಿಗೇ ಬೈದೆ, ಅದೇನು ಮಾಡಿತ್ತು ಪಾಪ.

ಮರುದಿನ ಮಧ್ಯಾಹ್ನ ಸವಿತಾ ಬಂದು ನನ್ನ ಮುಂದೆ ಉಗುರು ಕಚ್ಚುತ್ತ ನಿಂತಳು.

"ಮೇಡಂ, ಬೈಬಾರದು. ನಾನು ಶೆಟ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ."

"ಅಯ್ಯೋ ದೇವರೇ! ಅವರು ಎಂತ ಹೇಳಿದ್ರು?"

"ಎಂತದೂ ಹೇಳಲಿಲ್ಲ. ಫೋನ್ ಇಟ್ಟುಬಿಟ್ರು."

ಕ್ಲಬ್ ಮುಗಿಯಿತು, ಇನ್ನು ಕೊಟ್ಟದ್ದನ್ನೂ ಹೊತ್ತುಕೊಂಡು ಹೋಗುತ್ತಾರೆ ಎಂದು ಎಣಿಸಿದೆ. ಸ್ವಲ್ಪ ಹೊತ್ತಿನಲ್ಲೇ ಶೆಟ್ಟರ ಕಾರು ಅಂಗಳಕ್ಕೆ ಬಂತು. ಹೋಟೆಲಿನಲ್ಲಿ ಉಟ್ಟಿದ್ದ ಪಂಚೆಯಲ್ಲೇ ಇದ್ದರು. ಪ್ರಾಂಶುಪಾಲರು ಓಡಿ ಬಂದು "ಮಕ್ಕಳು ಗೊತ್ತಿಲ್ಲದೆ ಏನೋ ಹೇಳಿದ್ದಾರೆ" ಎಂದು ಶುರು ಮಾಡಿದರು. ಶೆಟ್ಟರು ಕೇಳಿಸಿಕೊಳ್ಳಲಿಲ್ಲ. ನೇರ ಕಪಾಟಿನ ಹತ್ತಿರ ಹೋಗಿ ಫಲಕದ ಮೇಲೆ, ಹೆಸರಿನ ಮೇಲೆಯೇ, ಅಂಗೈ ಇಟ್ಟರು. ಲ್ಯಾಬಿನ ಮಕ್ಕಳು ಆಗಲೇ ಅದರಲ್ಲಿ ಅಭ್ಯಾಸ ಮಾಡುತ್ತಿದ್ದುದರಿಂದ ತಗಡು ಕಾದಿತ್ತು; ಕೈ ಹಿಂದೆ ಎಳೆದುಕೊಂಡರು.



"ಅಮ್ಮ ಜೀವಮಾನ ಇಡೀ ಒಲೆಯ ಬೆಂಕಿಯ ಎದುರು ನಿಂತವಳು ಮೇಡಂ" ಎಂದರು ಶೆಟ್ಟರು. "ಹೋದ ಮೇಲೆಯೂ ಅವಳನ್ನು ಬಿಸಿಯಲ್ಲೇ ನಿಲ್ಲಿಸಿದ್ದೀರಲ್ಲ. ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು? ನಾನು ಹುಲಿಯಾ?"

ಇಡೀ ಕಾಲೇಜನ್ನು ಬಾಯಿಯಲ್ಲೇ ಹೆದರಿಸಿದವಳಿಗೆ ಆ ಒಂದು ಮಾತಿಗೆ ಧೈರ್ಯವಿರಲಿಲ್ಲ ಎಂದು ಹೇಗೆ ಹೇಳಲಿ? ಅವರು ಮೋನಪ್ಪಣ್ಣನಿಂದ ಸ್ಕ್ರೂಡ್ರೈವರ್ ತರಿಸಿ ಒಂದೊಂದೇ ಸ್ಕ್ರೂವನ್ನು ತಾವೇ ಬಿಚ್ಚಿದರು. ಫಲಕವನ್ನು ಹೆಗಲ ಮೇಲಿನ ಬೈರಾಸು ವಸ್ತ್ರದಲ್ಲಿ ಒರೆಸಿ ಸುತ್ತಿಕೊಂಡರು. ಹೊರಗಿನ ಗೋಡೆಗೆ ಹಾಕುವ, ಗೇಟಿನ ಹತ್ತಿರ ಹಾಕುವ ಎಂದು ಪ್ರಾಂಶುಪಾಲರು ಹಿಂದಿನಿಂದ ಹೇಳುತ್ತಲೇ ಇದ್ದರು.

"ಬೇಡ ಸರ್, ಇದು ಮನೆಯಲ್ಲಿರಲಿ" ಎಂದು ಶೆಟ್ಟರು ಸವಿತಾಳ ಕಡೆ ತಿರುಗಿದರು. "ಇವತ್ತು ಸಂಜೆ ನಾನೂ ಫೋನಿನಲ್ಲಿ ನೋಡ್ತೇನೆ. ನಿಂತ್ರೆ ನಿನ್ನನ್ನು ಬಿಡುವುದಿಲ್ಲ, ಆಯ್ತಾ?"

ಆ ಸಂಜೆ ನಾನು ಮನೆಯಲ್ಲಿ ಉಂಡು ಫೋನ್ ಹಿಡಿದು ಕೂತೆ. ಮೊದಲ ಪುಟದಲ್ಲಿ ಕಲ್ಯಾಣಿ ಶೆಡ್ತಿಯವರ ಹೆಸರು, ಅದರ ಕೆಳಗೆ ಒಳಗಿರುವ ಮಕ್ಕಳ ಹೆಸರುಗಳು ಒಂದರ ಹಿಂದೆ ಒಂದು ಬರತೊಡಗಿದವು. ಬಂಟ್ವಾಳದವರು, ಬೆಳ್ತಂಗಡಿಯವರು, ನಮ್ಮ ಪುತ್ತಿಗೆಯವರೂ ಇದ್ದರು. ಸವಿತಾಳ ಹೆಸರೂ ಬಂತು. ಹಿಂದಿನ ದಿನಗಳಲ್ಲಿ ಯಂತ್ರ ಆರಿಹೋಗುತ್ತಿದ್ದ ಹೊತ್ತು ಬಂತು, ದಾಟಿತು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಷ್ಟರಲ್ಲಿ ಶೆಟ್ಟರ ಫೋನ್ ಬಂತು. ಹಿಂದೆ ಹೋಟೆಲಿನ ಪಾತ್ರೆಗಳ ಸದ್ದು.

"ಮೇಡಂ, ತುಂಬ ಮಕ್ಕಳಿದ್ದಾರಲ್ಲ!"

"ಇದ್ದಾರೆ ಶೆಟ್ಟರೇ, ಇನ್ನೂ ಬರ್ತಾ ಇದ್ದಾರೆ."

ಅವರು ಫೋನ್ ಹಿಡಿದುಕೊಂಡೇ ಪಾತ್ರೆಗಳ ಸದ್ದಿನಿಂದ ಹೊರಗೆ ಬಂದರು. ಆಮೇಲೆ ಹೇಳಿದರು, "ನಮ್ಮ ಹೋಟೆಲಿನ ಹೊರಗೆ ಎಷ್ಟೇ ಜನ ಕಾಯ್ತಾ ನಿಂತ್ರೂ ಅಮ್ಮ ಊಟಕ್ಕೆ ಕೂತವರನ್ನು ಅರ್ಧದಲ್ಲಿ ಎಬ್ಬಿಸಿದವಳಲ್ಲ. ಇವತ್ತು ಅಲ್ಲಿ ಯಾರಾದ್ರೂ ಅರ್ಧದಲ್ಲಿ ಏಳಬೇಕಾಯಿತಾ?"

ನಾನು ಇನ್ನೊಮ್ಮೆ ಪರದೆ ನೋಡಿದೆ.

"ಇಲ್ಲ ಶೆಟ್ಟರೇ. ಎಲ್ಲರೂ ಕೂತೇ ಇದ್ದಾರೆ."